ಹಳೇ ಟ್ರ್ಯಾಕ್ಟರ್ ಎಂಜಿನ್: ಬಿಚ್ಚಿ ಕಟ್ಟಿಸೋದಾ, ಬೇರೇದು ಕೂರಿಸೋದಾ?

ಹಳೇ ಟ್ರ್ಯಾಕ್ಟರ್ ನೀಲಿ ಹೊಗೆ ಬಿಡಲು ಶುರು ಮಾಡಿದರೆ ಸಾಕು, ನೋಡಿದವರೆಲ್ಲ ತೀರ್ಪು ಕೊಡುತ್ತಾರೆ. "ಎಂಜಿನ್ ಬೋರಿಗೆ ಬಂದಿದೆ, ಕಟ್ಟಿಸಿಬಿಡಿ" ಅಂತ ಒಬ್ಬರು. "ಇದಕ್ಕೆ ಯಾಕೆ ದುಡ್ಡು ಸುರೀತೀರಿ, ಬೇರೆ ಎಂಜಿನ್ ತಂದು ಕೂರಿಸಿ" ಅಂತ ಇನ್ನೊಬ್ಬರು. ಇಬ್ಬರೂ ಎಂಜಿನ್ ಒಳಗೆ ಇಣುಕಿ ನೋಡಿರುವುದಿಲ್ಲ.

ನಾನು ಎರಡೂ ಮಾಡಿಸಿದ್ದೇನೆ. ಒಂದು ಎಂಜಿನ್ ಬಿಚ್ಚಿ ಕಟ್ಟಿಸಿದ್ದೇನೆ, ಇನ್ನೊಂದಕ್ಕೆ ಬದಲಿ ತಂದು ಕೈ ಸುಟ್ಟುಕೊಂಡಿದ್ದೇನೆ. ಅದರಿಂದ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಗೆ, ಸದ್ದು, ಆಯಿಲ್ ಕುಡಿಯುವುದು, ಇವು ಯಾವುದೂ ಎಂಜಿನ್ ಬದಲಿಸಲು ಕಾರಣ ಅಲ್ಲ. ಪಿಸ್ಟನ್, ರಿಂಗು, ಲೈನರ್ (ಪಿಸ್ಟನ್ ಆಡುವ ಕೊಳವೆ), ವಾಲ್ವ್, ಬೇರಿಂಗ್ ಇವೆಲ್ಲ ಸವೆಯಲಿ, ಸವೆದಾಗ ಬದಲಾಯಿಸೋಣ ಅಂತಲೇ ಮಾಡಿದ ಭಾಗಗಳು. ತೀರ್ಮಾನ ಆಗುವುದು ಎರಡೇ ಜಾಗದಲ್ಲಿ: ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಮೈ) ಮತ್ತು ಕ್ರ್ಯಾಂಕ್ (ಪಿಸ್ಟನ್ನಿನ ಮೇಲೆ ಕೆಳಗಿನ ಆಟವನ್ನು ಸುತ್ತಾಗಿಸುವ ಶಾಫ್ಟ್). ಆ ಎರಡೂ ನೆಟ್ಟಗಿದ್ದರೆ ನಾನು ಹಳೇ ಎಂಜಿನ್ ಬಿಡುವುದಿಲ್ಲ. ಎರಡರಲ್ಲಿ ಒಂದು ಕೈಕೊಟ್ಟಿದ್ದರೆ ಲೆಕ್ಕ ಬೇರೆ.

ಹಾಗಾಗಿ ಅಳತೆ ಆಗುವ ತನಕ ಯಾವ ಕಡೆಗೂ ವಾಲಬೇಡಿ. ಮುಖ್ಯವಾಗಿ, ಬಿಚ್ಚುವ ಮೊದಲೇ ಸಾಮಾನು ತರಿಸಬೇಡಿ. ಕ್ರ್ಯಾಂಕ್ ಯಾವ ಸೈಜಿನಲ್ಲಿದೆ ಅಂತ ಗೊತ್ತಿಲ್ಲದೆ ಬೇರಿಂಗ್ ಸೆಟ್ ತಂದರೆ ಅದು ಶೆಲ್ಫಿನಲ್ಲೇ ಉಳಿಯುತ್ತದೆ.

ಮೊದಲು ಟ್ರ್ಯಾಕ್ಟರ್ ಯಾತಕ್ಕೆ ಬೇಕು ಹೇಳಿ

ಇದನ್ನು ಹೆಚ್ಚಿನವರು ಕೊನೆಗೆ ಯೋಚಿಸುತ್ತಾರೆ. ದಿನಾ ಉಳುಮೆಗೆ ಬೇಕಾದ ಟ್ರ್ಯಾಕ್ಟರ್ ಒಂದು ಥರ, ವಾರಕ್ಕೊಮ್ಮೆ ಟ್ರೈಲರ್ ಎಳೆಯುವುದು ಇನ್ನೊಂದು ಥರ, ಪ್ರೀತಿಗೆ ಇಟ್ಟುಕೊಂಡು ಪ್ರದರ್ಶನಕ್ಕೆ ಒಯ್ಯುವುದು ಮತ್ತೊಂದು ಥರ.

ಪ್ರದರ್ಶನದ ಗಾಡಿಗೆ ಅದೇ ಎಂಜಿನ್ ಇರಬೇಕು. ಹಳೇ ಟ್ರ್ಯಾಕ್ಟರ್ ಬಲ್ಲವರು ಮೊದಲು ನೋಡುವುದೇ ಬ್ಲಾಕ್ ಮೇಲೆ ಹೊಡೆದಿರುವ ನಂಬರು. ಅದು ಟ್ರ್ಯಾಕ್ಟರಿನ ಕಾಲಕ್ಕೆ ಹೊಂದದಿದ್ದರೆ ಪೇಂಟ್ ಎಷ್ಟೇ ಚೆನ್ನಾಗಿದ್ದರೂ ಬೆಲೆ ಇಳಿಯುತ್ತದೆ. ಇಂಥದ್ದರಲ್ಲಿ ಖರ್ಚು ಸ್ವಲ್ಪ ಜಾಸ್ತಿ ಆದರೂ ರಿಪೇರಿಯೇ ಸರಿ.

ದಿನದ ದುಡಿಮೆಗೆ ಆದರೆ ಕೇಳಬೇಕಾದ್ದು ಎರಡು. ಎಷ್ಟು ದಿನ ಗಾಡಿ ನಿಂತರೆ ನಡೆಯುತ್ತದೆ? ನಾಳೆ ಕೆಟ್ಟರೆ ಸಾಮಾನು ಸಿಗುತ್ತದಾ? ಸಿಲಿಂಡರ್ ಕೊರೆದು ಅಳತೆಗೆ ತರುವ ಒಳ್ಳೆಯ ಬೋರಿಂಗ್ ಶಾಪಿನಲ್ಲಿ ಸರದಿ ಇರುತ್ತದೆ. ಬ್ಲಾಕ್ ಕೊಟ್ಟು ಕಾಯಬೇಕು. ಆ ಕಾಯುವಿಕೆ ತಡೆಯದಿದ್ದರೆ, ರೆಡಿ ಇರುವ ರೀಕಂಡೀಶನ್ಡ್ ಎಂಜಿನ್ನಿಗೆ ನಿಜವಾಗಿ ಅರ್ಥ ಇದೆ.

ಸಾಮಾನಿನ ಮಾತು ಬಂತಲ್ವಾ, ಇಲ್ಲಿ ಮಾಡೆಲ್ ಮಾಡೆಲಿಗೂ ಅಜಗಜಾಂತರ. ಮ್ಯಾಸಿ ಫರ್ಗುಸನ್ 35ರಲ್ಲಿ 1959ರ ಕೊನೆಯಿಂದ ಬಂದ 3 ಸಿಲಿಂಡರಿನ ಪರ್ಕಿನ್ಸ್ 3.152 ಎಂಜಿನ್ ನೋಡಿ. ಮುಂದೆ ಅದರದೇ ನೇರ ಇಂಜೆಕ್ಷನ್ ರೂಪ 135ರಲ್ಲೂ ಬಂತು. ಲೆಕ್ಕವಿಲ್ಲದಷ್ಟು ತಯಾರಾದ ಎಂಜಿನ್. ಲೈನರಿನಿಂದ ಹಿಡಿದು ವಾಟರ್ ಪಂಪ್ ತನಕ ಇವತ್ತಿಗೂ ಹೊಸದು ಸಿಗುತ್ತದೆ. 1946ರಿಂದ 1956ರವರೆಗೆ ಬಂದ ಸಣ್ಣ ಬೂದು ಫರ್ಗುಸನ್, ಅಂದರೆ ಟಿಇ20, ಅದಕ್ಕೂ ಹಾಗೆಯೇ. 1947ರಿಂದ 1952ರ ಫೋರ್ಡ್ 8ಎನ್‌ಗೂ ಸಾಮಾನಿನ ಚಿಂತೆ ಇಲ್ಲ. ಆದರೆ ಅದೇ 35ರ ಮೊದಲ ಡೀಸೆಲ್ ಗಾಡಿಗಳಲ್ಲಿ ಸ್ಟ್ಯಾಂಡರ್ಡ್ ಕಂಪನಿಯ 4 ಸಿಲಿಂಡರಿನ 23ಸಿ ಎಂಜಿನ್ ಇತ್ತು. ಚಳಿಯಲ್ಲಿ ಸ್ಟಾರ್ಟ್ ಆಗದೆ ಗೋಳು ಹೊಯ್ದುಕೊಳ್ಳುತ್ತದೆ ಅಂತಲೇ ಅದಕ್ಕೆ ಹೆಸರು. ಇಂಥ ಎಂಜಿನ್ ಇದ್ದ ಗಾಡಿಯನ್ನು ದುಡಿಮೆಗೆ ಇಟ್ಟುಕೊಳ್ಳುವವರು ಬದಲಿಸುವ ಯೋಚನೆ ಮಾಡಿದರೆ ತಪ್ಪು ಅನ್ನಲಾರೆ.

ಬಿಚ್ಚುವ ಮೊದಲು

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಇಡೀ ದಿನ ಪರೀಕ್ಷೆಗೆ ಕೊಡಿ. ಎಂಜಿನ್ ಹೋಯಿತು ಅಂತ ನಿರ್ಧಾರ ಆಗಿದ್ದ ಎಷ್ಟೋ ಗಾಡಿಗಳು ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಇವುಗಳ ರಿಪೇರಿಗೇ ಸರಿಹೋಗಿವೆ.

ಹೊಗೆಯ ಬಣ್ಣ ಓದಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ, ಆಯಿಲ್ ಬಾತ್ ತುಂಬ ಕೆಸರು ಕೂತಿರಬಹುದು. ಬಿಳಿ ಹೊಗೆಯಲ್ಲಿ ಎರಡು ಥರ. ಕಣ್ಣು ಉರಿಸುವ, ಡೀಸೆಲ್ ವಾಸನೆಯದು ಉರಿಯದೆ ಹೊರಬಂದ ಡೀಸೆಲ್. ವಾಸನೆ ಇಲ್ಲದೆ ಆವಿಯಂತೆ ತೇಲುತ್ತಾ, ಎಂಜಿನ್ ಬಿಸಿಯಾದರೂ ನಿಲ್ಲದೆ ಬರುವುದು ರೇಡಿಯೇಟರ್ ನೀರು.

ಡೀಸೆಲ್ ಎಂಜಿನ್ ಸ್ಟಾರ್ಟ್ ಆಗುವ ರೀತಿಯೂ ಕಥೆ ಹೇಳುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸತಾಯಿಸಿ, ಬಿಸಿಯಾದ ಮೇಲೆ ಮುಟ್ಟಿದರೆ ಸಾಕು ಹಿಡಿಯುತ್ತದೆ ಅಂದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ), ನಾಜಲ್, ಹೀಟರ್ ಪ್ಲಗ್ ಕಡೆ ನೋಡಿ. ಬೆಳಿಗ್ಗೆ ಸಲೀಸಾಗಿ ಹಿಡಿದು, ಬಿಸಿಯಲ್ಲಿ ನಿಲ್ಲಿಸಿದರೆ ಮತ್ತೆ ಹಿಡಿಯುವುದಿಲ್ಲ ಅಂದರೆ ಅನುಮಾನ ರೋಟರಿ ಪಂಪಿನ ಮೇಲೆ. ಒಳಗೆ ಸವೆದ ಪಂಪಿನಲ್ಲಿ ಬಿಸಿಯಾಗಿ ತೆಳುವಾದ ಡೀಸೆಲ್ ಸಂದಿಯಲ್ಲೇ ಸೋರಿಹೋಗುತ್ತದೆ, ನಾಜಲ್ ತನಕ ಒತ್ತಡ ಮುಟ್ಟುವುದಿಲ್ಲ. ಇದಕ್ಕೆ ಎಂಜಿನ್ ಬಿಚ್ಚಿದರೆ ಏನೂ ಸಿಗುವುದಿಲ್ಲ.

ಆಮೇಲೆ ಕಂಪ್ರೆಷನ್. ಗೇಜಿನ ಅಂಕಿಯನ್ನು ಮ್ಯಾನ್ಯುಯಲ್ ಜೊತೆ ಹೋಲಿಸಿ, ಆದರೆ ಸಿಲಿಂಡರ್ ಸಿಲಿಂಡರಿನ ನಡುವಿನ ವ್ಯತ್ಯಾಸಕ್ಕೆ ಇನ್ನೂ ಬೆಲೆ ಕೊಡಿ. ಎಲ್ಲವೂ ಒಟ್ಟಿಗೆ ಸ್ವಲ್ಪ ಇಳಿದಿದ್ದರೆ ಅದು ವಯಸ್ಸು. ಒಂದೇ ಸಿಲಿಂಡರ್ ಸತ್ತಿದ್ದರೆ ಅಲ್ಲೊಂದು ನಿರ್ದಿಷ್ಟ ತೊಂದರೆ ಇದೆ, ಮತ್ತು ಅಂಥದ್ದು ಸಾಮಾನ್ಯವಾಗಿ ರಿಪೇರಿಗೆ ಬಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಡೀಸೆಲ್‌ನಲ್ಲಿ ಈ ಉಪಾಯ ನಂಬಬೇಡಿ. ಅಲ್ಲಿ ಪಿಸ್ಟನ್ ಮೇಲಿನ ಜಾಗ ಎಷ್ಟು ಚಿಕ್ಕದೆಂದರೆ ಆ ಆಯಿಲೇ ಜಾಗ ತುಂಬಿ ಅಂಕಿ ಏರಿಸಿಬಿಡುತ್ತದೆ.

ಗಾಳಿ ಬಿಟ್ಟು ನೋಡುವ ಪರೀಕ್ಷೆ ನನಗೆ ಇನ್ನೂ ಇಷ್ಟ. ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಕ್ಕೆ ಬಂದಿರುವಾಗ ನಾಜಲ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಡಿ. ಈಗ ಕಿವಿ ಕೊಟ್ಟು ಕೇಳಿ. ಏರ್ ಕ್ಲೀನರಿನಲ್ಲಿ ಸುಯ್ ಅಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರಿನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗು-ಲೈನರ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಗಾಳಿಯ ಒತ್ತಡಕ್ಕೆ ಎಂಜಿನ್ ಥಟ್ಟನೆ ತಿರುಗಬಹುದು, ಹಾಗಾಗಿ ಗೇರಿನಲ್ಲಿಟ್ಟು ಬ್ರೇಕ್ ಹಾಕಿ, ಫ್ಯಾನ್ ಹತ್ತಿರ ಕೈ ಇಡಬೇಡಿ.

ಆಯಿಲ್ ಒತ್ತಡ ಕಮ್ಮಿ ತೋರಿಸಿದರೆ ಮೊದಲು ಬೇರೊಂದು ಗೇಜ್ ಹಾಕಿ ನೋಡಿ. ಎಂಜಿನ್ನಿನಷ್ಟೇ ವಯಸ್ಸಾದ ಗೇಜನ್ನು ನಂಬಿ ಎಂಜಿನ್ ಬಿಚ್ಚುವುದು ಬೇಡ. ಗೇಜ್ ಸರಿಯಿದ್ದು, ಒತ್ತಡ ಮಿತಿಯಲ್ಲಿಡುವ ರಿಲೀಫ್ ವಾಲ್ವಿನ ಸ್ಪ್ರಿಂಗೂ ಸರಿಯಿದ್ದು, ಬಿಸಿಯಲ್ಲಿ ಒತ್ತಡ ಬೀಳುತ್ತಿದ್ದರೆ ಆಗ ಬೇರಿಂಗ್ ಸವೆದಿರಬಹುದು. ಇನ್ನೊಂದು ಸುಲಭದ ಪರೀಕ್ಷೆ: ಎಂಜಿನ್ ನಿಂತಿರುವಾಗ ಒಬ್ಬರು ಕ್ಲಚ್ ಒತ್ತಲಿ, ಇನ್ನೊಬ್ಬರು ಮುಂದಿನ ಪುಲ್ಲಿ ನೋಡಲಿ. ಕಣ್ಣಿಗೆ ಕಾಣುವಷ್ಟು ಪುಲ್ಲಿ ಮುಂದೆ ಸರಿದರೆ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಮುಗಿದಿದೆ. ಅದನ್ನು ಹಾಗೇ ಓಡಿಸಿದರೆ ಕ್ರ್ಯಾಂಕೇ ಬ್ಲಾಕನ್ನು ತಿನ್ನಲು ಶುರು ಮಾಡುತ್ತದೆ.

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಡಯಾಫ್ರಮ್ ಹರಿದಿರಬಹುದು. ಚಿಕ್ಕ ರಿಪೇರಿ, ಆದರೆ ಬಿಟ್ಟರೆ ತೆಳುವಾದ ಆಯಿಲ್ ಬೇರಿಂಗನ್ನೆಲ್ಲ ತಿಂದುಹಾಕುತ್ತದೆ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು. ಕ್ಯಾಪಿನ ಒಳಗೆ ಮಾತ್ರ ಬಿಳಿ ಪೊರೆ ಇದ್ದರೆ ಗಾಬರಿ ಬೇಡ. ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವ ಎಂಜಿನ್ನಿನಲ್ಲಿ ಆವಿ ಕೂತು ಹಾಗಾಗುತ್ತದೆ. ನಿಜ ತಿಳಿಯಬೇಕಾದರೆ ಗಾಡಿಯನ್ನು ರಾತ್ರಿಯೆಲ್ಲ ಅಲ್ಲಾಡಿಸದೆ ನಿಲ್ಲಿಸಿ, ಬೆಳಿಗ್ಗೆ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಬೋಲ್ಟನ್ನು ಮೆಲ್ಲಗೆ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ನೀರಿದ್ದರೆ ಆಯಿಲಿಗಿಂತ ಮೊದಲು ಅದೇ ತೊಟ್ಟಿಕ್ಕುತ್ತದೆ.

ಹೆಡ್ ಎತ್ತಿದ ಮೇಲೆ

ಇಲ್ಲಿಂದ ಮುಂದೆ ಪ್ರತಿ ಹೆಜ್ಜೆಗೂ ನಿಂತು ಯೋಚಿಸಿ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಎತ್ತುವುದು, ಸಂಪ್ ಇಳಿಸುವುದು, ಬ್ಲಾಕ್ ಹೊರಗೆ ತೆಗೆಯುವುದು, ಇವು ಮೂರು ಬೇರೆ ಬೇರೆ ಹಂತ. ಒಂದೇ ದಿನ ಎಲ್ಲ ಬಿಚ್ಚಿ ಹರಡಿಕೊಳ್ಳುವ ಅವಸರ ಬೇಡ.

ಹೆಡ್ ಕೆಳಗಿಟ್ಟ ಕೂಡಲೇ ನಾನು ಮಾಡುವುದು ಒಂದೇ ಕೆಲಸ. ಸಿಲಿಂಡರಿನ ಮೇಲ್ತುದಿಯ ಮಸಿ ಒರೆಸಿ, ಬೆರಳುಗುರನ್ನು ಒಳಗಿನಿಂದ ಮೇಲಕ್ಕೆ ಎಳೆಯುತ್ತೇನೆ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಸವೆತ ಎಲ್ಲಕ್ಕಿಂತ ಜಾಸ್ತಿ. ಅದಕ್ಕಿಂತ ಮೇಲೆ ರಿಂಗು ಮುಟ್ಟುವುದೇ ಇಲ್ಲ, ಆ ಭಾಗ ಹೊಸದರ ಹಾಗೇ ಇರುತ್ತದೆ. ಎರಡರ ನಡುವೆ ಒಂದು ಮೆಟ್ಟಿಲು ಬಿದ್ದಿರುತ್ತದೆ. ಉಗುರು ಜಾರಿಕೊಂಡು ಹೋದರೆ ಸಂತೋಷ. ಟಕ್ ಅಂತ ಸಿಕ್ಕಿಕೊಂಡರೆ ಲೈನರಿನ ಕಾಲ ಮುಗಿದಿದೆ.

ಆ ಮೆಟ್ಟಿಲು ಇದ್ದೂ "ಸುಮ್ನೆ ರಿಂಗು ಬದಲಾಯಿಸಿ ಓಡಿಸೋಣ" ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಹಳೇ ರಿಂಗಿನ ಅಂಚು ಸವೆದು ದುಂಡಗಾಗಿತ್ತು, ಮೆಟ್ಟಿಲಿಗೆ ತಗಲುತ್ತಿರಲಿಲ್ಲ. ಹೊಸ ರಿಂಗಿನ ಚೂಪು ಅಂಚು ಅದಕ್ಕೆ ನೇರ ಹೊಡೆಯುತ್ತದೆ, ಮುರಿಯುತ್ತದೆ. ಜೊತೆಗೆ ಸವೆದ ಬೋರು (ಸಿಲಿಂಡರಿನ ಒಳಮೈ) ದುಂಡಗೆ ಉಳಿದಿರುವುದಿಲ್ಲ, ಹೊಸ ರಿಂಗು ಅಲ್ಲಿ ಸರಿಯಾಗಿ ಕೂರುವುದೂ ಇಲ್ಲ. ರಿಂಗು ಮಾತ್ರ ಹಾಕುವುದು ಬೋರು ಚೆನ್ನಾಗಿದ್ದು ರಿಂಗು ಅಂಟಿಕೊಂಡಿರುವ ಎಂಜಿನ್ನಿಗೆ ಸರಿ. ಉಳಿದವಕ್ಕೆ ಎರಡು ಸಲ ಖರ್ಚು.

ಲೈನರ್ ಯಾವ ಜಾತಿಯದು ಅಂತ ತಿಳಿದಿರಲಿ, ಖರ್ಚು ಅದರ ಮೇಲೆ ನಿಂತಿದೆ. ಟಿಇ20ರ ಸ್ಟ್ಯಾಂಡರ್ಡ್ ಎಂಜಿನ್ನಿನಲ್ಲಿ ವೆಟ್ ಲೈನರ್. ಸುತ್ತ ನೀರು ಇರುತ್ತದೆ, ಹಳೇದು ಎಳೆದು ಹೊಸದು ಇಳಿಸಬಹುದು. ಬ್ಲಾಕನ್ನು ಬೋರಿಂಗ್ ಶಾಪಿಗೆ ಒಯ್ಯಲೇಬೇಕು ಅಂತಿಲ್ಲ. ಇದೇ ಎಂಜಿನ್ ಕುಟುಂಬ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲೂ ಟ್ರಯಂಫ್ ಟಿಆರ್2 ಕಾರಿನಲ್ಲೂ ಇತ್ತು, ಅದಕ್ಕೇ ಇದನ್ನು ಬಲ್ಲವರು ಕಾರಿನ ಲೋಕದಲ್ಲೂ ಇದ್ದಾರೆ. ಪರ್ಕಿನ್ಸ್ 3.152ರಲ್ಲಿ ಡ್ರೈ ಲೈನರ್. ಬ್ಲಾಕಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ತೆಗೆಯಲು ಪ್ರೆಸ್ ಬೇಕು, ಹಾಕಲು ಅಳತೆ ಗೊತ್ತಿರುವ ಕೈ ಬೇಕು. ಫೋರ್ಡ್ 8ಎನ್‌ನಲ್ಲಿ ಲೈನರ್ ಡ್ರೈ, ಜೊತೆಗೆ ವಾಲ್ವುಗಳು ಹೆಡ್ಡಿನಲ್ಲಿ ಇಲ್ಲ, ಬ್ಲಾಕಿನಲ್ಲೇ ಇವೆ. ಹಾಗಾಗಿ ಅದರಲ್ಲಿ ವಾಲ್ವ್ ಸೀಟಿನ ಹತ್ತಿರ ಬಿರುಕು ಬಿಟ್ಟರೆ ಹೆಡ್ ಬದಲಿಸಿ ಪಾರಾಗುವಂತಿಲ್ಲ, ಬ್ಲಾಕಿನದೇ ಸಮಸ್ಯೆ.

ವೆಟ್ ಲೈನರ್ ಎಂಜಿನ್ನಿನಲ್ಲಿ ನೀರು ಆಯಿಲಿಗೆ ಬರುತ್ತಿದ್ದರೆ ಕಾರಣ ಬರೀ ಕೆಳಗಿನ ರಬ್ಬರ್ ರಿಂಗು ಆಗಿರಬಹುದು. ಸಂಪ್ ಇಳಿಸಿ, ಕೂಲಿಂಗ್ ಭಾಗಕ್ಕೆ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಮೇಲಿನ ಒದ್ದೆ ಗುರುತು ಯಾವ ಲೈನರಿನ ಕೆಳಗಿದೆ ಅಂತ ನೋಡಿದರೆ ಕಥೆ ಅರ್ಧ ಗೊತ್ತಾಯಿತು. ಲೈನರ್ ಎಳೆದಾಗ ನೀರಿನ ಕಡೆಯ ಮೈ ನೋಡಿ. ಗೆದ್ದಲು ತಿಂದಂತೆ ಸಣ್ಣ ಸಣ್ಣ ಗುಳಿ ಒಂದೇ ಸಾಲಿನಲ್ಲಿ ಬಿದ್ದಿದ್ದರೆ ಆ ಲೈನರ್ ಮತ್ತೆ ಬಳಸಬೇಡಿ.

ಸಿಲಿಂಡರ್ ಹೆಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿರುಕು ಪರೀಕ್ಷೆ ಮಾಡಿಸಿ, ಬೇಕಾದರೆ ಫೇಸ್ ಮಾಡಿಸಿ, ಸೀಟು-ಗೈಡ್ ಹಾಕಿಸಿ. ಹೆಡ್ ಪೂರ್ತಿ ಹೋಗಿದ್ದರೆ ಬೇರೆ ಹೆಡ್ ತನ್ನಿ. ಹೆಡ್ ಕೆಟ್ಟಿತು ಅಂತ ಎಂಜಿನ್ ಬದಲಿಸುವುದು ಬೇಡ.

ಬ್ಲಾಕ್ ಮತ್ತು ಕ್ರ್ಯಾಂಕ್

ಕ್ರ್ಯಾಂಕ್ ಅಳೆಯದೆ ಯಾರೂ ಒಳ್ಳೆಯದು ಕೆಟ್ಟದ್ದು ಅನ್ನಬಾರದು. ಪ್ರತಿ ಜರ್ನಲನ್ನೂ (ಬೇರಿಂಗ್ ಕೂರುವ ದುಂಡು ಭಾಗವನ್ನೂ) ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಿಂದ, ಎರಡು ತುದಿಯಲ್ಲಿ ಅಳೆಯಬೇಕು. ಮೊಟ್ಟೆಯಾಕಾರ ಆಗಿದೆಯಾ, ಒಂದು ಕಡೆ ಸಣ್ಣಗಾಗಿದೆಯಾ ಅಂತ ಆಗ ತಿಳಿಯುತ್ತದೆ. ಸವೆದಿದ್ದರೆ ಗ್ರೈಂಡ್ ಮಾಡಿಸಿ ಸಣ್ಣ ಸೈಜಿನ ಬೇರಿಂಗ್ ಹಾಕುತ್ತಾರೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ 10, 20, 30 ಸೈಜು, ಅಂದರೆ ಇಂಚಿನ ಸಾವಿರದಲ್ಲಿ ಅಷ್ಟು ಭಾಗ ಕಮ್ಮಿ. ಸ್ಟ್ಯಾಂಡರ್ಡ್ ಅಥವಾ 10ರಲ್ಲಿದ್ದರೆ ಇನ್ನೂ ಆಯುಷ್ಯ ಇದೆ. ಆಗಲೇ 30ಕ್ಕೆ ಬಂದಿದ್ದು ಮತ್ತೆ ಗೀರು ಬಿದ್ದಿದ್ದರೆ, ಅನೇಕ ಎಂಜಿನ್ನುಗಳಿಗೆ ಅದರಾಚೆ ಬೇರಿಂಗೇ ಬರುವುದಿಲ್ಲ. ಆಗ ಬೇರೆ ಕ್ರ್ಯಾಂಕ್ ಹುಡುಕಬೇಕು. ಕ್ರ್ಯಾಂಕ್ ಸಿಗುವ ಮಾಡೆಲ್ ಆದರೆ ಇದೂ ಎಂಜಿನ್ ಬದಲಿಸಲು ಕಾರಣ ಅಲ್ಲ. ಸಿಗದಿದ್ದರೆ ಕಾರಣವೇ.

ತುಂಬ ಹಳೆಯ ಗಾಡಿಗಳಲ್ಲಿ, 1917ರ ಫೋರ್ಡ್‌ಸನ್ ಎಫ್ ಥರದವುಗಳಲ್ಲಿ, ಬದಲಾಯಿಸುವ ಬೇರಿಂಗ್ ಶೆಲ್ಲೇ ಇಲ್ಲ. ಬಿಳಿ ಲೋಹವನ್ನು ಕರಗಿಸಿ ಸುರಿದು, ಕೆತ್ತಿ ಹೊಂದಿಸಬೇಕು. ಆ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು. ಅಂಥವರನ್ನು ಮೊದಲು ಹುಡುಕಿ, ಆಮೇಲೆ ಎಂಜಿನ್ ಬಿಚ್ಚಿ.

ಬ್ಲಾಕಿನ ಬಿರುಕು ಎಲ್ಲಿದೆ ಅನ್ನುವುದೇ ಎಲ್ಲ. ನೀರು ಹೆಪ್ಪುಗಟ್ಟಿ ಹೊರಗಿನ ಗೋಡೆ ಒಡೆದಿದ್ದರೆ ಭಯ ಬೇಡ. ಬೀಡುಕಬ್ಬಿಣವನ್ನು ಬಿಸಿ ಮಾಡದೆ ಪಿನ್ ಹಾಕಿ ಹೊಲಿಯುವ ವಿಧಾನ ಇದೆ, ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಮುಂಚೆ ಚೆನ್ನಾಗಿ ಕಾಯಿಸದೆ, ನಿಧಾನ ಆರಲು ಬಿಡದೆ ವೆಲ್ಡ್ ಹೊಡೆದರೆ ಮಾತ್ರ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಮೇನ್ ಬೇರಿಂಗ್ ಕೂರುವ ಗೋಡೆಯಲ್ಲಿ ಬಿರುಕಿದ್ದರೆ, ಕನೆಕ್ಟಿಂಗ್ ರಾಡ್ ಬ್ಲಾಕ್ ಸೀಳಿ ಹೊರಬಂದಿದ್ದರೆ, ಲೈನರ್ ಕೂರುವ ಅಂಚೇ ಒಡೆದಿದ್ದರೆ, ನಾನು ಆ ಬ್ಲಾಕಿಗೆ ಕೈಮುಗಿದು ಬೇರೆ ದಾರಿ ನೋಡುತ್ತೇನೆ. ದುಡಿಯುವ ಟ್ರ್ಯಾಕ್ಟರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಈ ಗಾಡಿಗಳಲ್ಲಿ ಬ್ಲಾಕ್ ಬರೀ ಎಂಜಿನ್ ಅಲ್ಲ, ಅದೇ ಟ್ರ್ಯಾಕ್ಟರಿನ ಬೆನ್ನೆಲುಬು. ಫೋರ್ಡ್‌ಸನ್ ಎಫ್, ಫರ್ಗುಸನ್, 8ಎನ್, ಮ್ಯಾಸಿ 35, ಇವಕ್ಕೆಲ್ಲ ಬೇರೆ ಚಾಸಿಸ್ ಇಲ್ಲ. ಮುಂದಿನ ಆಕ್ಸಲ್ ಎಂಜಿನ್ನಿಗೆ, ಎಂಜಿನ್ ಗೇರ್‌ಬಾಕ್ಸಿಗೆ ಬೋಲ್ಟ್ ಆಗಿ ನಿಂತಿರುತ್ತದೆ.

ಜಾಮ್ ಆದ ಎಂಜಿನ್ ಬಗ್ಗೆ ಎರಡು ಮಾತು. ಜಾಮ್ ಆಗಿದೆ ಅಂದರೆ ಸತ್ತಿದೆ ಅಂತ ಅಲ್ಲ. ನಿಂತ ಗಾಡಿಯ ಸೈಲೆನ್ಸರ್ ಬಾಯಿಗೆ ಡಬ್ಬಿ ಮುಚ್ಚದೆ ಮಳೆ ನೀರು ಇಳಿದು, ವಾಲ್ವ್ ತೆರೆದಿದ್ದ ಒಂದೇ ಸಿಲಿಂಡರ್ ತುಕ್ಕು ಹಿಡಿದಿರುವುದೇ ಜಾಸ್ತಿ. ಹೆಡ್ ತೆಗೆದು, ತುಕ್ಕು ಬಿಡಿಸುವ ಆಯಿಲ್ ಸುರಿದು, ದಿನಗಟ್ಟಲೆ ಬಿಡಿ. ಆಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಾ, ಫ್ಲೈವೀಲನ್ನು ಹಿಂದೆ ಮುಂದೆ ಆಡಿಸಿ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಬೇಡಿ. ಬಿಡಿಸಿಕೊಳ್ಳಬೇಕಿದ್ದ ಪಿಸ್ಟನ್ ಅಲ್ಲೇ ಕೂತು ರಾಡ್ ಬಾಗುತ್ತದೆ. ಒಂದು ಲೈನರಿನಲ್ಲಿ ಮುಗಿಯುತ್ತಿದ್ದ ಕೆಲಸ ಆ ಎಳೆತದಲ್ಲೇ ಎಂಜಿನ್ ಬದಲಿಸುವ ಮಟ್ಟಕ್ಕೆ ಹೋಗುತ್ತದೆ.

ಬದಲಿ ಎಂಜಿನ್ ತರುವುದಾದರೆ

ಇಲ್ಲಿ ನನ್ನ ಅನುಭವ ಹೇಳಲೇಬೇಕು. ಬ್ಲಾಕ್ ಹೋದ ಒಂದು 35ಕ್ಕೆ "ಓಡುವ ಕಂಡೀಷನ್" ಅಂತ ಮಾರಿದ 3.152 ಎಂಜಿನ್ ತಂದೆ. ಹೊಸ ಪೇಂಟ್ ಹೊಡೆದಿದ್ದರು, ನೋಡಲು ಚೆಂದ ಇತ್ತು. ಕೂರಿಸಿದ ಮೇಲೆ ಬಿಸಿಯಲ್ಲಿ ಆಯಿಲ್ ಒತ್ತಡ ನಿಲ್ಲಲಿಲ್ಲ. ಮತ್ತೆ ಇಳಿಸಿ ಬಿಚ್ಚಿದೆವು. ಕ್ರ್ಯಾಂಕ್ ಆಗಲೇ 30ರಲ್ಲಿತ್ತು. ಬ್ಲಾಕಿನ ಪಕ್ಕ ಒಂದು ಕಡೆ ಪೇಂಟ್ ಸ್ವಲ್ಪ ನುಣ್ಣಗೆ ಕಂಡಿತು. ಚಾಕುವಿನ ತುದಿಯಿಂದ ಕೆರೆದರೆ ಲೋಹದ ಸದ್ದು ಬರಲಿಲ್ಲ, ಮೆತ್ತಗೆ ಪುಡಿ ಉದುರಿತು. ಒಳಗೆ ಪುಟ್ಟಿ, ಅದರ ಕೆಳಗೆ ಅಂಗೈ ಉದ್ದದ ಬಿರುಕು. ಅವತ್ತಿನಿಂದ ಹೊಸ ಪೇಂಟ್ ಹೊಡೆದ ಹಳೇ ಎಂಜಿನ್ನಿಗಿಂತ ಎಣ್ಣೆ ಜಿಡ್ಡು ಹಿಡಿದ ಎಂಜಿನ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಅದಕ್ಕೇ ಹೇಳುವುದು, ರಿಪೇರಿ ಖರ್ಚನ್ನು ಬದಲಿ ಎಂಜಿನ್ನಿನ ಬರೀ ಬೆಲೆಯ ಜೊತೆ ಹೋಲಿಸಬೇಡಿ. ಅದನ್ನು ತಂದು, ಸಂಪ್ ಇಳಿಸಿ, ಬೇರಿಂಗ್ ನೋಡಿ, ಸೀಲ್-ಗ್ಯಾಸ್ಕೆಟ್ ಬದಲಿಸಿ, ನಾಜಲ್ ಪರೀಕ್ಷೆ ಮಾಡಿಸಿದ ಮೇಲಿನ ಮೊತ್ತದ ಜೊತೆ ಹೋಲಿಸಿ. ಹಾಗೆ ಹೋಲಿಸಿದಾಗ ಅಗ್ಗ ಅಂತ ಕಂಡಿದ್ದು ಬಹಳ ಸಲ ಅಗ್ಗ ಆಗಿರುವುದಿಲ್ಲ. ನಿಮ್ಮ ಹಳೇ ಎಂಜಿನ್ನಿನ ರೋಗ ನಿಮಗೆ ಗೊತ್ತಿದೆ. ತರುವುದರ ರೋಗ ಮಾರುವವರಿಗೆ ಮಾತ್ರ ಗೊತ್ತು.

ಸಾಧ್ಯ ಆದರೆ ಗಾಡಿಯಲ್ಲಿ ಓಡುತ್ತಿರುವಾಗಲೇ ಎಂಜಿನ್ ನೋಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಆರುವ ತನಕ ಕಾಯಿರಿ. ತಣ್ಣಗಿನ ಸ್ಟಾರ್ಟ್ ನೋಡಲೇಬೇಕು. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಬುಸುಬುಸು ಹೊಗೆ ಬರುತ್ತದಾ ನೋಡಿ. ರೀಕಂಡೀಶನ್ಡ್ ಅಂದರೆ ಏನೇನು ಬದಲಾಯಿಸಿದ್ದೀರಿ, ಕ್ರ್ಯಾಂಕ್ ಯಾವ ಸೈಜು, ಲೈನರ್ ಹೊಸದಾ ಅಂತ ಕೇಳಿ, ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಒಂದೇ ಹೆಸರಿನ ಎಂಜಿನ್ ಅಂದ ಮಾತ್ರಕ್ಕೆ ಕೂರುತ್ತದೆ ಅಂತಲ್ಲ. ಬೇರೆ ಯಂತ್ರದಿಂದ ಬಿಚ್ಚಿದ್ದರೆ ಹಿಂದಿನ ಪ್ಲೇಟು, ಫ್ಲೈವೀಲ್, ಸ್ಟಾರ್ಟರ್ ಕೂರುವ ಜಾಗ ಬೇರೆ ಇರಬಹುದು. ಸಂಪ್ ಮುಖ್ಯವಾಗಿ ನೋಡಿ. ಚಾಸಿಸ್ ಇಲ್ಲದ ಟ್ರ್ಯಾಕ್ಟರುಗಳಲ್ಲಿ ಸಂಪ್ ದಪ್ಪ ಬೀಡುಕಬ್ಬಿಣದ್ದಾಗಿದ್ದು ಭಾರ ಹೊರಲು ನೆರವಾಗುತ್ತದೆ. ಜನರೇಟರಿನ ಎಂಜಿನ್ನಿಗೆ ತೆಳು ತಗಡಿನ ಸಂಪ್ ಇರಬಹುದು. ನಿಮ್ಮ ಹಳೇ ಸಂಪ್ ಅದಕ್ಕೆ ಹೊಂದುತ್ತದಾ ಅಂತ ದುಡ್ಡು ಕೊಡುವ ಮೊದಲೇ ಅಳೆಯಿರಿ. ಎಂಜಿನ್ ವೇಗ ಹಿಡಿದಿಡುವ, ಪಂಪಿನ ಗವರ್ನರ್ ಕೂಡ ಹಾಗೆ. ಜನರೇಟರಿನದು ಒಂದೇ ವೇಗಕ್ಕೆ ಕಟ್ಟಿದ್ದು. ಟ್ರ್ಯಾಕ್ಟರಿಗೆ ಮೇಲೆ ಕೆಳಗೆ ಆಡಬೇಕು, ಪಿಟಿಒ (ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟ್) ನಿಮಿಷಕ್ಕೆ 540 ಸುತ್ತು ಬರುವ ವೇಗದಲ್ಲಿ ಭಾರ ಬಿದ್ದರೂ ನಿಲ್ಲಬೇಕು. ನಿಮ್ಮ ಹಳೇ ಪಂಪ್ ಚೆನ್ನಾಗಿದ್ದರೆ ಅದನ್ನೇ ಹಾಕಿಸಿ.

ಬೇರೆ ಜಾತಿಯ ಎಂಜಿನ್ ಕೂರಿಸುವುದು ಹೊಸದೇನಲ್ಲ. ಫೋರ್ಡ್‌ಸನ್ ಇ27ಎನ್‌ನಲ್ಲಿ ಪರ್ಕಿನ್ಸ್ ಪಿ6 ಡೀಸೆಲ್ ಬರುತ್ತಿತ್ತು, ಫರ್ಗುಸನ್‌ಗೆ ಪರ್ಕಿನ್ಸ್ ಪಿ3 ಕೂರಿಸುವ ಕಿಟ್ ಸಿಗುತ್ತಿತ್ತು. ಅವು ಕಂಪನಿಯವರೇ ಅಳೆದು ಮಾಡಿದ್ದು. ನೀವೇ ಅಡಾಪ್ಟರ್ ಪ್ಲೇಟ್ ಕಡೆಸಿ ಮಾಡುವುದಾದರೆ ಕ್ರ್ಯಾಂಕಿನ ನಡುವೂ ಗೇರ್‌ಬಾಕ್ಸ್ ಶಾಫ್ಟಿನ ನಡುವೂ ಕೂದಲೆಳೆ ತಪ್ಪದೆ ಒಂದೇ ಗೆರೆಯಲ್ಲಿ ಬರಬೇಕು. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡದೆ ಬೋಲ್ಟ್ ಬಿಗಿಯಬೇಡಿ. ಗೆರೆ ತಪ್ಪಿದರೆ ಪೈಲಟ್ ಬೇರಿಂಗ್, ಕ್ಲಚ್, ಗೇರ್‌ಬಾಕ್ಸ್ ಸೀಲ್ ಒಂದಾದ ಮೇಲೊಂದು ಹೋಗುತ್ತವೆ. ಇನ್ನು ಶಕ್ತಿಯ ಆಸೆ. ಇಪ್ಪತ್ತು ಚಿಲ್ಲರೆ ಹಾರ್ಸ್‌ಪವರಿಗೆ ಕಟ್ಟಿದ ಗೇರ್‌ಬಾಕ್ಸಿಗೆ ಅದರ ಎರಡರಷ್ಟು ಕೊಟ್ಟರೆ ಮುಂದಿನ ಸಲ ಬಿಚ್ಚುವುದು ಹಿಂದಿನ ಆಕ್ಸಲ್. ರೇಡಿಯೇಟರ್ ಸಾಲುವುದಿಲ್ಲ, ಹುಡ್ ಮುಚ್ಚುವುದಿಲ್ಲ, ಥ್ರಾಟಲ್ ಲಿಂಕ್ ಸಿಕ್ಕುವುದಿಲ್ಲ. ಈ ಚಿಕ್ಕ ಚಿಕ್ಕ ಕೆಲಸಗಳಲ್ಲೇ ತಿಂಗಳು ಕಳೆಯುತ್ತದೆ. ಸಾಮಾನು ಎಲ್ಲೂ ಸಿಗದ, ಆದರೆ ದುಡಿಯಲೇಬೇಕಾದ ಗಾಡಿಗೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ಲೆಕ್ಕ ಹಾಕುವಾಗ

ಗಾಡಿಯನ್ನು ನಡುವೆ ಬಿಡಿಸಿ ಎರಡು ಭಾಗ ಮಾಡಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್, ರಿಂಗ್ ಗೇರ್ ಎಲ್ಲ ನೋಡಲೇಬೇಕು. ಈ ಖರ್ಚು ರಿಪೇರಿಗೂ ಇದೆ, ಬದಲಿಗೂ ಇದೆ. ಇದನ್ನು ರಿಪೇರಿಯ ಲೆಕ್ಕಕ್ಕೆ ಮಾತ್ರ ಸೇರಿಸಿ "ಅಯ್ಯೋ ಜಾಸ್ತಿ ಆಯ್ತು" ಅನ್ನುವುದು ಸರಿಯಲ್ಲ. ರೇಡಿಯೇಟರ್ ತೊಳೆಸುವುದು, ಪಂಪ್ ಹೊಂದಿಸುವುದು ಕೂಡ ಎರಡಕ್ಕೂ ಸಮಾನ. ಹೊಸ ಎಂಜಿನ್ ಆದರೂ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅತಿಯಾಗಿ ಬಿಸಿಯಾಗುತ್ತದೆ.

ಬ್ಲಾಕ್, ಕ್ರ್ಯಾಂಕ್ ಸರಿಯಿದ್ದು ಸಾಮಾನು ಸಿಗುವ ಎಂಜಿನ್ ಆದರೆ ಪೂರ್ತಿ ಕಟ್ಟಿಸಿ. ನನ್ನ ಮೊದಲ 35 ಹಾಗೇ ಉಳಿಯಿತು. ನೀಲಿ ಹೊಗೆ ನೋಡಿ ಎಲ್ಲರೂ ಗುಜರಿಗೆ ಹಾಕು ಅಂದಿದ್ದರು. ಬಿಚ್ಚಿದರೆ ಕ್ರ್ಯಾಂಕ್ ಇನ್ನೂ ಸ್ಟ್ಯಾಂಡರ್ಡ್ ಸೈಜಿನಲ್ಲಿತ್ತು. ಮೂರು ಲೈನರ್, ಪಿಸ್ಟನ್, ಬೇರಿಂಗ್ ಶೆಲ್, ಹೆಡ್ ಕೆಲಸ, ಅಷ್ಟರಲ್ಲಿ ಮುಗಿಯಿತು. ಬ್ಲಾಕ್ ಸರಿಯಿದ್ದು ಕ್ರ್ಯಾಂಕ್ ಮಾತ್ರ ಹೋಗಿದ್ದರೆ, ಕ್ರ್ಯಾಂಕ್ ಸಿಕ್ಕರೆ ರಿಪೇರಿ. ಬ್ಲಾಕ್ ಹೋಗಿದ್ದು ಕ್ರ್ಯಾಂಕ್, ಹೆಡ್, ಪಂಪ್ ಚೆನ್ನಾಗಿದ್ದರೆ, ಇಡೀ ಎಂಜಿನ್ ತರುವ ಬದಲು ಒಂದು ಒಳ್ಳೆಯ ಬರೀ ಬ್ಲಾಕ್ ಹುಡುಕಿ ನಿಮ್ಮ ಭಾಗಗಳನ್ನೇ ಅದಕ್ಕೆ ಹಾಕಿಸಿ. ಈ ನಡುವಿನ ದಾರಿ ಇದೆ ಅಂತ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಬ್ಲಾಕ್, ಕ್ರ್ಯಾಂಕ್ ಎರಡೂ ಹೋಗಿದ್ದರೆ, ಅಥವಾ ಕೆಲಸ ಕಾಯುವಂತಿಲ್ಲದಿದ್ದರೆ, ಅದೇ ಮಾಡೆಲಿನ ಎಂಜಿನ್ ತನ್ನಿ. ಬಿಚ್ಚಿ ನೋಡಿ ಕೂರಿಸಿ.

ಕಟ್ಟಿಸಿದ ಎಂಜಿನ್ನನ್ನು ಮೊದಲ ದಿನಗಳಲ್ಲಿ ಗಂಟೆಗಟ್ಟಲೆ ಸುಮ್ನೆ ಐಡಲ್‌ನಲ್ಲಿ ಓಡಿಸಬೇಡಿ. ರಿಂಗು ಕೂರಲು ಒತ್ತಡ ಬೇಕು. ಬಿಸಿಯಾದ ಮೇಲೆ ಹಗುರ ಕೆಲಸ ಕೊಡಿ, ಭಾರ ಮೆಲ್ಲಗೆ ಏರಿಸಿ. ಬರೀ ಐಡಲ್‌ನಲ್ಲಿ ಬೋರಿನ ಮೈ ಗಾಜಿನಂತೆ ನುಣುಪಾಗಿ ಆಯಿಲ್ ಕುಡಿಯುವ ಚಟ ಮತ್ತೆ ಶುರುವಾಗುತ್ತದೆ. ಮೊದಲ ಆಯಿಲನ್ನು ಬೇಗ ಬದಲಿಸಿ, ಮ್ಯಾನ್ಯುಯಲ್ ಹೇಳಿದರೆ ಹೆಡ್ ಬೋಲ್ಟ್ ಮತ್ತೆ ಟಾರ್ಕ್ ಮಾಡಿ.

ಬದಲಿ ಎಂಜಿನ್ ಹಾಕಿದವರು ಹಳೇ ಬ್ಲಾಕನ್ನು ಅದೇ ದಿನ ಗುಜರಿಗೆ ಕೊಡಬೇಡಿ. ಬೋರಿಗೆ ಗ್ರೀಸ್ ಬಳಿದು, ತೂತುಗಳಿಗೆ ಬಟ್ಟೆ ತುರುಕಿ, ಮರದ ಹಲಗೆ ಮೇಲೆ ಒಣ ಜಾಗದಲ್ಲಿ ಇಡಿ. ಬೇರಿಂಗ್ ಕ್ಯಾಪುಗಳನ್ನು ಅದಕ್ಕೇ ಬಿಗಿದಿಡಿ, ಅವು ಆ ಬ್ಲಾಕಿನ ಜೊತೆಗೇ ಕಡೆದವು, ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದು ಚೀಟಿಯಲ್ಲಿ ಎಂಜಿನ್ ನಂಬರು, ಕ್ರ್ಯಾಂಕ್ ಸೈಜು, ಬಿರುಕು ಎಲ್ಲಿದೆ ಅನ್ನುವುದನ್ನು ಬರೆದು ತಂತಿಯಲ್ಲಿ ಕಟ್ಟಿ. ಮುಂದೊಂದು ದಿನ ಆ ಬಿರುಕು ಹೊಲಿಯಬಲ್ಲವರು ಸಿಕ್ಕರೆ ಅವರು ಮೊದಲು ಕೇಳುವುದೇ ಈ ಮೂರು.